ಹತ್ತಿರ ಹೋಗಿ, ಕಾಣುವ ಹಾಗೆ ನಿಂತು ತೆಗೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೀದಿ ಫೋಟೊಗಳ ಬಗ್ಗೆಯೇ ಇವೆ. ಮಾರ್ಕೆಟ್ಟು, ಬಸ್ ಸ್ಟಾಪು, ಪೇಟೆಯ ಗಲ್ಲಿಗಳಲ್ಲಿ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುವ ಜನರ ಫೋಟೊ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ತೆಗೆಯುವವರೂ ಬರೆದಿದ್ದಾರೆ, ಫೋಟೊದಲ್ಲಿ ಸಿಕ್ಕವರ ಮನೆಯವರೂ ಬರೆದಿದ್ದಾರೆ. ಎರಡನೆಯವರ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೇಡಂ, ಗುರುತಿಲ್ಲದವರ ಫೋಟೊ ತೆಗೆಯೋಕೆ ನನಗೆ ತುಂಬಾ ಸಂಕೋಚ. ಅದಕ್ಕೆ 70-300 ಜೂಮ್ ಲೆನ್ಸ್ ಹಾಕಿಕೊಂಡು ರಸ್ತೆಯ ಆಚೆ ಕಡೆಯಿಂದ ತೆಗೆಯುತ್ತೇನೆ. ಮುಖ ಚೆನ್ನಾಗಿ ಬರುತ್ತೆ. ಆದರೆ ಏನೋ ಕಮ್ಮಿ ಅನ್ನಿಸುತ್ತೆ. ಏನದು?
– ಕಾಲೇಜು ವಿದ್ಯಾರ್ಥಿ, ತುಮಕೂರು

ಕಮ್ಮಿ ಇರುವುದು ಬೀದಿ. ಅಷ್ಟು ದೂರದ ಲೆನ್ಸ್‌ನಲ್ಲಿ ಮುಖ ಮಾತ್ರ ಉಳಿದು ಹಿಂದಿನದೆಲ್ಲ ಮಸುಕಾಗಿಬಿಡುತ್ತದೆ. ಆ ಅಜ್ಜ ಕೂತಿರುವುದು ಯಾವ ಅಂಗಡಿ ಜಗುಲಿ, ಪಕ್ಕದಲ್ಲಿ ಯಾರು ಮಾತಾಡುತ್ತಿದ್ದಾರೆ, ಕಾಲ ಬಳಿ ಇರುವುದು ಚೀಲವೋ ನಾಯಿಯೋ, ಏನೂ ಗೊತ್ತಾಗುವುದಿಲ್ಲ. ತುಮಕೂರಿನಲ್ಲಿ ತೆಗೆದದ್ದಕ್ಕೂ ಇನ್ನೆಲ್ಲೋ ತೆಗೆದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದನ್ನೇ ಹಾಕಿ, ಅತಿ ಅಗಲವಾಗಿ ಕಾಣುವ 18ಕ್ಕೆ ಇಟ್ಟುಬಿಡಿ. ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಎನ್ನುವ ಅಳತೆಯನ್ನು ಎಫ್ 8ಕ್ಕೆ ಇಡಿ. ಶಟರ್ ವೇಗ ಸೆಕೆಂಡಿನ 1/500 ಇರಲಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎನ್ನುವ ಐಎಸ್ಒ ಆಟೋದಲ್ಲಿ ಇರಲಿ. ಒಂದೇ ಒಂದು ಸಲ ಸುಮಾರು ಏಳು ಅಡಿ ದೂರದ ವಸ್ತುವಿಗೆ ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಹಾಕಿ ಮರೆತುಬಿಡಿ. ಮೂರೂವರೆ ಅಡಿಯಿಂದ ಹಿಡಿದು ದೂರದ ಕಟ್ಟಡದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಇಷ್ಟಾದ ಮೇಲೆ ಕೈಗೆ ಬಟನ್ ಒತ್ತುವ ಕೆಲಸ ಮಾತ್ರ, ಉಳಿದದ್ದೆಲ್ಲ ಕಣ್ಣಿನದು.

ಇನ್ನು ಸಂಕೋಚದ ಮಾತು. ಅದು ನಡೆದಾಡುತ್ತಾ ತೆಗೆಯುವವರಿಗೆ ಜಾಸ್ತಿ, ಒಂದು ಕಡೆ ನಿಲ್ಲುವವರಿಗೆ ಕಮ್ಮಿ. ಸಂತೆಗೆ ಹೋಗಿ, ಕ್ಯಾಮೆರಾ ಕುತ್ತಿಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನೇತಾಡಲಿ, ಒಂದು ಮೂಲೆ ಹಿಡಿದು ನಿಲ್ಲಿ, ಟೀ ಕುಡಿಯಿರಿ, ಸೊಪ್ಪು ಬೇಕಿದ್ದರೆ ಸೊಪ್ಪು ಕೊಳ್ಳಿ. ಮೊದಮೊದಲು ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಒಬ್ಬಿಬ್ಬರು "ಯಾವ ಪೇಪರ್ರು?" ಅಂತ ಕೇಳುತ್ತಾರೆ. ನಿಜ ಹೇಳಿ. ಅರ್ಧ ಗಂಟೆ ಆಗುವಷ್ಟರಲ್ಲಿ ಅವರಿಗೆ ಅವರ ಗಿರಾಕಿ ಮುಖ್ಯ, ನೀವಲ್ಲ. ಒಳ್ಳೆಯ ಫೋಟೊ ಸಿಗುವುದು ಅಲ್ಲಿಂದ ಮುಂದೆ. ಅಡಗಿಕೊಂಡು ತೆಗೆಯುವವರ ಮೇಲೆ ಜನಕ್ಕೆ ಅನುಮಾನ ಬರುತ್ತದೆ, ಅದು ನ್ಯಾಯವೇ. ಎದುರಿಗೆ ನಿಂತವರನ್ನು ಒಪ್ಪಿಕೊಳ್ಳುತ್ತಾರೆ.

ಬೆಂಗಳೂರಿಗೆ ಬಂದರೆ ಕೆ.ಆರ್. ಮಾರ್ಕೆಟ್‌ಗೆ ಹೋಗೇ ಹೋಗುತ್ತೀರಿ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೇಲಿನ ಮಹಡಿಗೆ ಹತ್ತಿ ಕೆಳಗಿನ ಹೂವಿನ ರಾಶಿ ತೆಗೆಯುವ ಫೋಟೊ ಈಗಾಗಲೇ ಸಾವಿರಾರು ಜನ ತೆಗೆದಾಗಿದೆ. ಬಣ್ಣ ಚೆನ್ನಾಗಿರುತ್ತದೆ, ಮನುಷ್ಯರು ಚುಕ್ಕಿಗಳಾಗಿರುತ್ತಾರೆ. ಕೆಳಗೆ ಇಳಿಯಿರಿ. ದಾರಿ ಬಿಡಿ ಎಂದು ಕೂಗುತ್ತಾ ತಲೆ ಮೇಲೆ ಮೂಟೆ ಹೊತ್ತು ಬರುವ ಹಮಾಲರಿಗೆ ಮಾತ್ರ ಅಡ್ಡ ನಿಲ್ಲಬೇಡಿ.

ಕೇಳಿ ತೆಗೆದರೆ ಎಲ್ಲರೂ ನೆಟ್ಟಗೆ ನಿಂತು ಪೋಸ್ ಕೊಡುತ್ತಾರೆ. ಕೇಳದೆ ತೆಗೆದರೆ ಕದ್ದ ಹಾಗೆ. ಯಾವುದು ಸರಿ ಮೇಡಂ?
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಎರಡೂ ಮಾಡಬಹುದು, ಆದರೆ ಎರಡಕ್ಕೂ ನಡೆದುಕೊಳ್ಳುವ ರೀತಿ ಒಂದಿದೆ. ಜನ ಗುಂಪಾಗಿ ಓಡಾಡುವ ಕಡೆ, ರಸ್ತೆ ದಾಟುವ ಕಡೆ, ಜಾತ್ರೆಯಲ್ಲಿ, ಮಳೆ ಬಂದಾಗ ಬಸ್ ಸ್ಟಾಪಿನ ಕೆಳಗೆ ಎಲ್ಲರೂ ಸೇರಿಕೊಂಡಾಗ ಮೊದಲು ತೆಗೆಯಿರಿ. ತೆಗೆದ ಮೇಲೆ ಓಡಿಹೋಗಬೇಡಿ. ಅವರು ನೋಡಿದರೆ ನೀವೂ ನೋಡಿ, ನಕ್ಕು, ಸ್ಕ್ರೀನ್ ತೋರಿಸಿ. "ಬೇಡ" ಎಂದರೆ ಅವರ ಎದುರಿಗೇ ಡಿಲೀಟ್ ಮಾಡಿ. ಎಷ್ಟೇ ಒಳ್ಳೆಯ ಫೋಟೊ ಆಗಿದ್ದರೂ ಸರಿ.

ಒಬ್ಬರೇ ಕೂತಿರುವವರು, ಹತ್ತಿರದಿಂದ ಮುಖ ತೆಗೆಯಬೇಕಾದವರು, ಊಟ ಮಾಡುತ್ತಿರುವವರು, ಮಲಗಿರುವವರು, ಅಳುತ್ತಿರುವವರು ಇದ್ದಾರಲ್ಲ, ಇಲ್ಲಿ ನನ್ನ ಲೆಕ್ಕ ಬೇರೆ. ಕೊನೆಯ ಮೂವರನ್ನು ನಾನು ತೆಗೆಯುವುದೇ ಇಲ್ಲ. ಫುಟ್‌ಪಾತ್ ಮೇಲೆ ಮಲಗಿದವರಿಗೆ ಬಾಗಿಲು ಹಾಕಿಕೊಳ್ಳಲು ಮನೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರ ನಿದ್ದೆ ನಮ್ಮ ಫೋಟೊಗೆ ಸರಕು ಆಗಬಾರದು. ಉಳಿದವರನ್ನು ಕೇಳಿ. ಪೋಸ್ ಕೊಟ್ಟರೆ ಆ ಫೋಟೊವನ್ನೂ ಪ್ರೀತಿಯಿಂದ ತೆಗೆಯಿರಿ. ಅವರಿಗೆ ಬೇಕಾಗಿರುವುದು ಅದು. ಆಮೇಲೂ ಅಲ್ಲೇ ಇರಿ. ಪೋಸ್ ಮುಗಿದು, ಅವರು ಭುಜ ಇಳಿಸಿ, ಪಕ್ಕದ ಅಂಗಡಿಯವರ ಜೊತೆ "ನೋಡ್ದಾ, ನನ್ ಫೋಟೊ ತೆಗೆದ್ರು" ಎಂದು ಹೇಳುವ ಗಳಿಗೆ ಇದೆಯಲ್ಲ, ಎಷ್ಟೋ ಸಲ ಒಳ್ಳೆಯ ಫೋಟೊ ಅದೇ.

ಒಂದನ್ನು ಮಾತ್ರ ಮಾಡಬೇಡಿ. ನಿಲ್ಲಿಸಿ ತೆಗೆದದ್ದನ್ನು ತಾನಾಗಿ ಸಿಕ್ಕಿದ್ದು ಎಂದು ಹೇಳಬೇಡಿ. ಪ್ಯಾರಿಸ್‌ನ ನಗರಸಭೆ ಎದುರು ಜೋಡಿಯೊಂದು ಮುತ್ತಿಡುತ್ತಿರುವ ರಾಬರ್ ದುವಾನೋ ಅವರ 1950ರ ಫೋಟೊ ಪೋಸ್ಟರ್‌ಗಳಲ್ಲಿ, ಕಾರ್ಡ್‌ಗಳಲ್ಲಿ ಎಲ್ಲೆಡೆ ಇದೆ. ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ಪ್ರೇಮಿಗಳು ಎಂದೇ ಲೋಕ ನಂಬಿತ್ತು. 1990ರ ದಶಕದಲ್ಲಿ ವಿಷಯ ಕೋರ್ಟಿಗೆ ಹೋದಾಗ ಅವರಿಬ್ಬರೂ ನಟನೆ ಕಲಿಯುತ್ತಿದ್ದವರು, ಕೇಳಿಕೊಂಡಿದ್ದಕ್ಕೆ ಮುತ್ತಿಟ್ಟಿದ್ದು ಎಂದು ದುವಾನೋ ಅವರೇ ಒಪ್ಪಿಕೊಂಡರು. ಫೋಟೊ ಈಗಲೂ ಚೆಂದವೇ. ಆದರೆ ಮೊದಲೇ ಹೇಳಿದ್ದರೆ ಯಾರಿಗೂ ಮೋಸ ಅನ್ನಿಸುತ್ತಿರಲಿಲ್ಲ ಅಲ್ವಾ?

ನಮ್ಮಮ್ಮ ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಮಾಡ್ತಾರೆ. ಯಾರೋ ಅವರ ಫೋಟೊ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಾರೆ. "ಬಡತನದಲ್ಲೂ ಬಾಡದ ನಗು" ಅಂತ ಬರೆದಿದ್ದಾರೆ. ಸಾವಿರಾರು ಲೈಕ್ ಬಂದಿದೆ. ಕೆಳಗೆ ಜನ "ಪಾಪ" ಅಂತ ಬರೆದಿದ್ದಾರೆ. ಅಮ್ಮ ಆ ವ್ಯಾಪಾರದಲ್ಲೇ ನನ್ನನ್ನು ಎಂಜಿನಿಯರಿಂಗ್ ಓದಿಸಿದ್ದಾರೆ, ಮನೆ ಕಟ್ಟಿಸಿದ್ದಾರೆ. ಫೋಟೊ ನೋಡಿ ಅವರು ಏನೂ ಹೇಳಲಿಲ್ಲ, ಆದರೆ ಅವತ್ತಿಂದ ಕ್ಯಾಮೆರಾ ಕಂಡರೆ ಮುಖ ತಿರುಗಿಸ್ತಾರೆ. ಏನು ಮಾಡಲಿ?
– ಮಗಳು, ಬೆಂಗಳೂರು

ನಿಮ್ಮ ಪತ್ರ ಓದಿ ಬೇಜಾರಾಯಿತು, ಸಿಟ್ಟೂ ಬಂತು. ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಆ ಪುಟ ನಡೆಸುವವರಿಗೆ ನೇರವಾಗಿ ಮೆಸೇಜ್ ಮಾಡಿ. ನಾನು ಅವರ ಮಗಳು, ಈ ಬರಹ ಸುಳ್ಳು, ತೆಗೆದುಹಾಕಿ ಎಂದು ಎರಡು ಸಾಲು ಬರೆದರೆ ಸಾಕು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತೆಗೆಯದಿದ್ದರೆ ಇನ್‌ಸ್ಟಾಗ್ರಾಂನಲ್ಲೇ ರಿಪೋರ್ಟ್ ಮಾಡುವ ಅವಕಾಶ ಇದೆ. ಸಾಮಾನ್ಯವಾಗಿ ಮನೆಯವರು ಬರೆದರೆ ತೆಗೆಯುತ್ತಾರೆ. ಯಾಕೆಂದರೆ ಇದನ್ನು ಹಾಕುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಯೋಚನೆ ಮಾಡದವರು. ಎದುರಿಗೆ ಕಂಡವರ ಬದುಕು ಏನೆಂದು ಕೇಳದೆ, ಕೂತ ಜಾಗ, ಉಟ್ಟ ಸೀರೆ ನೋಡಿ ಕಥೆ ಕಟ್ಟಿಬಿಟ್ಟಿರುತ್ತಾರೆ.

ಈಗ ಫೋಟೊ ತೆಗೆಯುವವರಿಗೆ ಒಂದು ಮಾತು. ಬೆಳಗಿನ ಜಾವವೇ ಎದ್ದು ಹೋಗಿ ಹೂವಿನ ದರ ಚೌಕಾಸಿ ಮಾಡಿ, ಯಾವ ಹೂ ಸಂಜೆವರೆಗೆ ನಿಲ್ಲುತ್ತದೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಎಷ್ಟು ತರಬೇಕು, ಆಷಾಢದಲ್ಲಿ ಎಷ್ಟು ಕಮ್ಮಿ ಮಾಡಬೇಕು ಎಂದು ಲೆಕ್ಕ ಇಟ್ಟುಕೊಂಡು ವ್ಯಾಪಾರ ಮಾಡುವವರು ಅವರು. ಮೊಳ ಅಳೆಯುವ ಕೈ, ದಾರ ಸುತ್ತುವ ವೇಗ, ಗಿರಾಕಿಗೆ ಕೊಡುವ ಉತ್ತರ, ಇವೆಲ್ಲ ಕಣ್ಣೆದುರಿಗೇ ನಡೆಯುತ್ತಿರುತ್ತವೆ. ಇದನ್ನೆಲ್ಲ ಬಿಟ್ಟು ನಿಮಗೆ ಕಂಡಿದ್ದು ಬಡತನ ಒಂದೇನಾ? ಬಡತನ ನಿಜವಾಗಿ ಇದ್ದರೂ ಅದನ್ನು ಲೋಕಕ್ಕೆ ಹೇಳಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ಅವರು. ಬರೆಯಲೇಬೇಕು ಎಂದಿದ್ದರೆ ಜಾಗ ಬರೆಯಿರಿ, ದಿನ ಬರೆಯಿರಿ, ಮಾಡುತ್ತಿರುವ ಕೆಲಸ ಬರೆಯಿರಿ. ಕೇಳಿ, ಅವರು ಒಪ್ಪಿದರೆ ಹೆಸರು ಬರೆಯಿರಿ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೊ ತೆಗೆದರು. ಮಕ್ಕಳು ಎರಡು ಕಡೆಯಿಂದ ಹೆಗಲಿಗೆ ಮುಖ ಮುಚ್ಚಿಕೊಂಡು ಒರಗಿರುವ ಆ ಫೋಟೊ ನೀವೂ ನೋಡಿರುತ್ತೀರಿ. ಆ ಕಾಲದ ಕಷ್ಟಕ್ಕೆ ಅದೇ ಗುರುತಾಗಿಬಿಟ್ಟಿತು. ಆದರೆ ಲ್ಯಾಂಗ್ ಆಕೆಯ ಹೆಸರನ್ನೇ ಕೇಳಲಿಲ್ಲ, ಅದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂದು ಆಕೆ ನೊಂದು ಹೇಳಿದರು. ಲ್ಯಾಂಗ್ ಒಳ್ಳೆಯ ಉದ್ದೇಶದಿಂದಲೇ ಹೋಗಿದ್ದರು, ಅಲ್ಲಿ ತೆಗೆದ ಚಿತ್ರಗಳು ಪತ್ರಿಕೆಗೆ ತಲುಪಿದ ಮೇಲೆ ಆ ಬಿಡಾರಕ್ಕೆ ಸರ್ಕಾರದಿಂದ ಆಹಾರವೂ ಬಂತು. ಅಷ್ಟೊತ್ತಿಗೆ ಆಕೆಯ ಸಂಸಾರ ಅಲ್ಲಿಂದ ಮುಂದಕ್ಕೆ ಹೋಗಿಯಾಗಿತ್ತು. ಒಳ್ಳೆಯ ಉದ್ದೇಶ ಇದ್ದರೂ ಹೆಸರು ಕೇಳಬಹುದಿತ್ತು ಎಂದೇ ನನಗೆ ಅನ್ನಿಸುವುದು.

ಅಮ್ಮನ ವಿಷಯಕ್ಕೆ ಬಂದರೆ, ಅವರ ಫೋಟೊ ನೀವೇ ತೆಗೆಯಿರಿ. ನಿಮ್ಮ ಫೋನಿನಲ್ಲೇ, ಅಂಗಡಿಯಲ್ಲೇ, ಹಬ್ಬದ ವ್ಯಾಪಾರದ ದಿನ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರಿಗೆ ಎಲ್ಲಿ ಬೇಕೋ ಅಲ್ಲಿ ಇಡಲಿ.

ರಸ್ತೆಯಲ್ಲಿ ಫೋಟೊ ತೆಗೆಯೋದು ಕಾನೂನಿನ ಪ್ರಕಾರ ತಪ್ಪಾ? ಪೊಲೀಸರು ಕೇಳಿದರೆ ಏನು ಹೇಳಬೇಕು?
– ಹವ್ಯಾಸಿ, ಹುಬ್ಬಳ್ಳಿ

ಸಾರ್ವಜನಿಕ ಜಾಗದಲ್ಲಿ ಜನರ ಫೋಟೊ ತೆಗೆಯುವುದನ್ನೇ ಅಪರಾಧ ಎನ್ನುವ ಕಾನೂನು ನಮ್ಮಲ್ಲಿ ಇಲ್ಲ. ಹಾಗಂತ ಏನು ಬೇಕಾದರೂ ತೆಗೆಯಬಹುದು ಅಂತಲೂ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣುಮಕ್ಕಳು ಖಾಸಗಿಯಾಗಿ ಇರುವಾಗ ಕದ್ದು ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಹಿಂಬಾಲಿಸುವುದಕ್ಕೆ 78ನೇ ಸೆಕ್ಷನ್ ಇದೆ. ಯಾರದೇ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದಕ್ಕೆ, ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಕೂಡ ಇದೆ.

2025ರಲ್ಲಿ ಬೆಂಗಳೂರಿನ ಮೆಟ್ರೋದಲ್ಲಿ ಹೆಣ್ಣುಮಕ್ಕಳಿಗೆ ಗೊತ್ತಾಗದ ಹಾಗೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಒಬ್ಬನನ್ನು ಪೊಲೀಸರು ಹಿಡಿದರು. ಇದನ್ನು ಬೀದಿ ಛಾಯಾಗ್ರಹಣ ಎಂದು ಕರೆಯುವವರ ಜೊತೆ ನಾನು ವಾದಕ್ಕೂ ನಿಲ್ಲುವುದಿಲ್ಲ. ಅದು ಕಿರುಕುಳ. ಆ ಘಟನೆ ಆದ ಮೇಲೆ ಕ್ಯಾಮೆರಾ ಹಿಡಿದ ಗಂಡಸರನ್ನು ಹೆಣ್ಣುಮಕ್ಕಳು ಅನುಮಾನದಿಂದ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೆಲಸ ತೋರಿಸಿ. ಹತ್ತಾರು ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ, ಪೊಲೀಸರು ಕೇಳಿದರೂ ಅದನ್ನೇ ತೋರಿಸಿ, ನಿಧಾನವಾಗಿ ಮಾತಾಡಿ. ಮೆಟ್ರೋ, ರೈಲ್ವೆ ಸ್ಟೇಷನ್, ಸರ್ಕಾರಿ ಕಟ್ಟಡ, ಉದ್ಯಾನಗಳಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಅನುಮತಿ ಕೇಳಿಕೊಳ್ಳಿ.

ದುಬೈನಲ್ಲಿದ್ದೇನೆ. ಇಲ್ಲಿನ ಹಳೇ ಪೇಟೆ ಡೇರಾ ಸೂಕ್‌ನಲ್ಲಿ ಜನರ ಫೋಟೊ ತೆಗೆಯೋ ಆಸೆ. ಏನಾದರೂ ಸಲಹೆ?
– ಮಂಗಳೂರಿನವರು, ದುಬೈ

ಕೇಳದೆ ತೆಗೆಯಲೇಬೇಡಿ. ಅಲ್ಲಿ ಸಾರ್ವಜನಿಕ ಜಾಗದಲ್ಲೂ ಒಪ್ಪಿಗೆಯಿಲ್ಲದೆ ಫೋಟೊ ತೆಗೆಯುವುದು ಖಾಸಗಿತನಕ್ಕೆ ಕೈ ಹಾಕಿದ ಹಾಗೆ. 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಕನಿಷ್ಠ ಆರು ತಿಂಗಳ ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಂವರೆಗೆ ದಂಡ ಇದೆ, ಎರಡೂ ಬೀಳಬಹುದು. ಸೂಕ್‌ನ ನೆರಳು, ಮಸಾಲೆ ಮೂಟೆಗಳು, ದೋಣಿಗಳು ಸಾಕಷ್ಟಿವೆ. ಮನುಷ್ಯರು ಬೇಕೆಂದರೆ ಮಾತಾಡಿಸಿ, ಒಪ್ಪಿಸಿ ತೆಗೆಯಿರಿ.

ಕ್ಯಾಮೆರಾ ಇಲ್ಲ, ಫೋನ್ ಮಾತ್ರ. ಮಧ್ಯಾಹ್ನ ಊಟದ ಬಿಡುವಿನಲ್ಲಷ್ಟೇ ಹೊರಗೆ ಹೋಗೋಕೆ ಆಗೋದು. ಬಿಸಿಲಿಗೆ ಎಲ್ಲರ ಕಣ್ಣೂ ಕಪ್ಪಾಗಿ ಬರುತ್ತೆ.
– ಗಾರ್ಮೆಂಟ್ಸ್ ಕಾರ್ಮಿಕರು, ಪೀಣ್ಯ

ಫೋನ್ ಧಾರಾಳವಾಗಿ ಸಾಕು. ಅದರ ಮುಖ್ಯ ಲೆನ್ಸ್ ಹೇಗೂ ಅಗಲವಾಗಿಯೇ ನೋಡುತ್ತದೆ, ಈ ಕೆಲಸಕ್ಕೆ ಬೇಕಾಗಿರುವುದೇ ಅದು. ಜೂಮ್ ಮಾಡಬೇಡಿ, ನೀವೇ ಎರಡು ಹೆಜ್ಜೆ ಮುಂದೆ ಹೋಗಿ. ಸೆರಗಿನಲ್ಲೋ ಮೆತ್ತನೆ ಬಟ್ಟೆಯಲ್ಲೋ ಲೆನ್ಸ್ ಒರೆಸಿ, ಅರ್ಧ ಮಬ್ಬು ಅಲ್ಲೇ ಹೋಗುತ್ತದೆ. ಪರದೆ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿಕೊಳ್ಳಿ. ಹೆಚ್ಚಿನ ಫೋನುಗಳಲ್ಲಿ ವಾಲ್ಯೂಮ್ ಬಟನ್ ಒತ್ತಿದರೂ ಫೋಟೊ ಬರುತ್ತದೆ, ಕೈ ಅಲುಗುವುದು ಕಮ್ಮಿಯಾಗುತ್ತದೆ.

ಮಧ್ಯಾಹ್ನದ ಬಿಸಿಲು ನಮ್ಮಲ್ಲಿ ನಿಜಕ್ಕೂ ಕಷ್ಟದ್ದು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ 24ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಆ ತಿಂಗಳುಗಳಲ್ಲಿ ಹುಬ್ಬಿನ ನೆರಳೇ ಕಣ್ಣನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಟಾರ್ಪಾಲಿನ ಕೆಳಗೆ ಬನ್ನಿ. ನೀಲಿ ಟಾರ್ಪಾಲು ಮುಖಕ್ಕೆ ನೀಲಿ ಬಳಿಯುತ್ತದೆ, ಹಳದಿಯದು ಬೆಚ್ಚಗೆ ಕಾಣಿಸುತ್ತದೆ. ಯಾವುದು ಚೆನ್ನ ಎಂದು ಎರಡು ದಿನದಲ್ಲಿ ಕಣ್ಣಿಗೇ ಗೊತ್ತಾಗುತ್ತದೆ. ಊಟದ ಬಿಡುವಿನಲ್ಲಿ ನಿಮ್ಮ ಗೆಳತಿಯರು ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಒಬ್ಬರ ಪಲ್ಯ ಇನ್ನೊಬ್ಬರಿಗೆ ಹಾಕುತ್ತಾರಲ್ಲ, ಊಟ ಮಾಡುತ್ತಿರುವವರನ್ನು ತೆಗೆಯಬಾರದು ಎಂದು ಮೇಲೆ ಹೇಳಿದ್ದು ಅಪರಿಚಿತರಿಗೆ. ನೀವು ಆ ಗುಂಪಿನವರೇ. ಅವರು ಹೂಂ ಎಂದರೆ ಆ ಫೋಟೊ ಹೊರಗಿನ ಯಾವ ಛಾಯಾಗ್ರಾಹಕರಿಗೂ ಸಿಗುವುದಿಲ್ಲ, ನಿಮಗೆ ಮಾತ್ರ ಸಿಗುತ್ತದೆ. ದಯವಿಟ್ಟು ತೆಗೆದು ನಮಗೂ ಕಳಿಸಿ.

ಕಪ್ಪು-ಬಿಳುಪು ಮಾಡಿದರೆ ಬೀದಿ ಫೋಟೊಗೆ ಗಾಂಭೀರ್ಯ ಬರುತ್ತೆ ಅಂತಾರೆ. ನಿಜವೇ?
– ಓದುಗರು, ಕಲಬುರಗಿ

ಬಣ್ಣ ಅಡ್ಡ ಬರುತ್ತಿದ್ದರೆ ಮಾಡಿ. ಸುಮ್ನೆ ಗಾಂಭೀರ್ಯಕ್ಕೆ ಅಂತ ಬೇಡ. ರಘು ರಾಯ್ ಅವರ ಕಪ್ಪು-ಬಿಳುಪಿನ ದಿಲ್ಲಿ, ಕೋಲ್ಕತ್ತ ನೋಡಿ. ಜೊತೆಗೆ ರಘುಬೀರ್ ಸಿಂಗ್ (1942–1999) ಅವರದ್ದನ್ನೂ ನೋಡಿ. ಬಣ್ಣದ ಫೋಟೊ ಕಲೆಯೇ ಅಲ್ಲ ಎಂದು ದೊಡ್ಡವರು ಹೇಳುತ್ತಿದ್ದ ಕಾಲದಲ್ಲಿ ಅವರು ನಮ್ಮ ಬೀದಿಗಳನ್ನು ಬಣ್ಣದಲ್ಲೇ ತೆಗೆದರು. ಕುಂಕುಮ, ಮೆಣಸಿನಕಾಯಿ ರಾಶಿ, ಲಾರಿಯ ಹಿಂದಿನ ಬರಹ ಇರುವ ಕಲಬುರಗಿ ಪೇಟೆಯಲ್ಲಿ ನಾನಾದರೆ ಬಣ್ಣವನ್ನೇ ಇಟ್ಟುಕೊಳ್ಳುತ್ತೇನೆ.

ಬೀದಿಯಲ್ಲಿ ಆಡುವ ಮಕ್ಕಳ ಫೋಟೊ?
– ಶಿಕ್ಷಕಿ, ಚಿತ್ರದುರ್ಗ

ಅಪ್ಪ ಅಮ್ಮನನ್ನೋ ಅಲ್ಲಿರುವ ದೊಡ್ಡವರನ್ನೋ ಕೇಳಿ. ಯೂನಿಫಾರ್ಮ್, ಶಾಲೆಯ ಹೆಸರು, ಮನೆ ನಂಬರ್ ಕಾಣುವಂಥದ್ದನ್ನು ಎಲ್ಲೂ ಹಾಕಬೇಡಿ. ದೊಡ್ಡವರು ಯಾರೂ ಇಲ್ಲದಿದ್ದರೆ ಬಿಟ್ಟುಬಿಡಿ.

ನನ್ನ ಮಗ ಭಾನುವಾರ ಬಂದರೆ ಕ್ಯಾಮೆರಾ ಹಿಡಿದು ಗಾಂಧಿಬಜಾರ್, ಅವೆನ್ಯೂ ರೋಡ್ ಅಂತ ಹೋಗಿಬಿಡ್ತಾನೆ. ತೆಗೆಯೋದು ಇಸ್ತ್ರಿ ಮಾಡುವವರು, ಹಳೇ ಪುಸ್ತಕ ಮಾರುವವರು, ಬಸ್ಸಿಗೆ ಕಾಯುವವರು. ಬೈಯೋಕೆ ಮನಸ್ಸಿಲ್ಲ. ಆದರೆ ಇದರಿಂದ ಏನು ಉಪಯೋಗ ಅಂತ ಅರ್ಥ ಆಗ್ತಿಲ್ಲ.
– ನಿವೃತ್ತ ನೌಕರರು, ಬನಶಂಕರಿ

ಬೈಯದೆ ಒಳ್ಳೆಯದು ಮಾಡಿದ್ದೀರಿ ಸರ್. ಪ್ಯಾರಿಸ್‌ನಲ್ಲಿ ಯೂಜೀನ್ ಅಜೆ (1857–1927) ಎಂಬವರು ಭಾರದ ಕ್ಯಾಮೆರಾ ಹೊತ್ತುಕೊಂಡು ಅಂಗಡಿ ಬಾಗಿಲು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳನ್ನು ತೆಗೆಯುತ್ತಾ ಹೋದರು. ಹಳೆಯ ಪ್ಯಾರಿಸ್ ಹೇಗಿತ್ತು ಎಂದು ತಿಳಿಯಬೇಕಾದವರು ಇವತ್ತು ಅವರ ಫೋಟೊ ನೋಡುತ್ತಾರೆ. ಶಿಕಾಗೋದಲ್ಲಿ ವಿವಿಯನ್ ಮೇಯರ್ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಲೇ ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ತೆಗೆದಿಟ್ಟಿದ್ದರು. ಬಾಡಿಗೆ ಕಟ್ಟಲಾಗದೆ ಅವರ ಗೋದಾಮಿನ ಪೆಟ್ಟಿಗೆಗಳು 2007ರಲ್ಲಿ ಹರಾಜಾದಾಗಲಷ್ಟೇ ಅವು ಹೊರಗೆ ಬಂದವು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನು ನೀವು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. ಅವರಿಗೆ ದೊಡ್ಡವರ ಫೋಟೊ ತೆಗೆಯುವ ಅವಕಾಶ ಬೇಕಾದಷ್ಟು ಇತ್ತು. ಆದರೂ ಮನಸ್ಸು ಕೊಟ್ಟಿದ್ದು ಸಾಮಾನ್ಯ ಜನರಿಗೆ, ಮಕ್ಕಳಿಗೆ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು.

ಅಷ್ಟು ದೊಡ್ಡದೇ ಆಗಬೇಕೆಂದಿಲ್ಲ. ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬೀದಿಗೊಂದು ಇದ್ದಾಗ ಅದರ ಮುಂದೆ ಸಾಲು ನಿಂತವರ ಫೋಟೊ ಯಾರು ತೆಗೆದರು? ದಿನಾ ಕಾಣುತ್ತಿತ್ತು, ಅದಕ್ಕೇ ಹೆಚ್ಚಿನವರು ತೆಗೆಯಲಿಲ್ಲ. ಈಗ ಹುಡುಕಿದರೂ ಅಪರೂಪ. ನಿಮ್ಮ ಮಗ ತೆಗೆಯುತ್ತಿರುವ ಇಸ್ತ್ರಿ ಗಾಡಿ, ಫುಟ್‌ಪಾತಿನ ಪುಸ್ತಕದ ರಾಶಿಗೂ ಅದೇ ಗತಿ ಬರಬಹುದು.

ಅವನಿಗೆ ಎರಡು ಕೆಲಸ ಹೇಳಿ. ಪ್ರತಿ ಫೋಟೊಗೂ ಜಾಗ, ದಿನ, ಕೆಲಸ ಬರೆದಿಡಲಿ, ಎರಡು ಕಡೆ ಕಾಪಿ ಇಡಲಿ. ಆಮೇಲೆ, ಯಾರ ಫೋಟೊ ಚೆನ್ನಾಗಿ ಬಂತೋ ಅವರಿಗೆ ಒಂದು ಪ್ರಿಂಟ್ ಕೊಂಡೊಯ್ದು ಕೊಡಲಿ, ಸ್ಟುಡಿಯೋದಲ್ಲಿ ಸಣ್ಣ ಪ್ರಿಂಟಿಗೆ ಹೆಚ್ಚೇನೂ ಖರ್ಚಾಗುವುದಿಲ್ಲ. ನೀವೂ ಒಂದು ಭಾನುವಾರ ಜೊತೆಗೆ ಹೋಗಿ ಸರ್. ಗಾಂಧಿಬಜಾರಿನಲ್ಲಿ ಯಾವ ಅಂಗಡಿ ಮೊದಲು ಎಲ್ಲಿತ್ತು, ಈಗ ಕೂತಿರುವವರ ತಂದೆ ಅಲ್ಲಿ ಏನು ಮಾರುತ್ತಿದ್ದರು ಎಂಬುದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನೀವು ಹೇಳಿದ್ದನ್ನು ಅವನು ಫೋಟೊದ ಕೆಳಗೆ ಬರೆದುಕೊಳ್ಳಲಿ.